ಸೀಸೆಯಲ್ಲಿಟ್ಟ ತೊಗಲು

"ಆ ತೊಗಲ ನಂಗೆ ಕೊಟ್ಬುಡು ಕಣಪ್ಪ. ಸೀಸೇಲಿ ಇಡಬ್ಯಾಡ."

ಕೋಣೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಚಿಕ್ಕಸಿದ್ದಮ್ಮ ಹೀಗೆ ಹೇಳಿದ್ದು ಅದು ಮೂರನೆಯ ಸಲ. ಮೊರದಲ್ಲಿ ಒಂದು ಹಿಡಿ ಕಲ್ಲುಪ್ಪು, ಒಂದು ಹಿಡಿ ರಾಗಿ. ಬೆಟ್ಟದಪುರದ ಅರ್ಧ ಜನರ ಹೆರಿಗೆ ಮಾಡಿಸಿದ ಸೂಲಗಿತ್ತಿ ಅವಳು. ಡಾಕ್ಟರ್ ಶಿವನಂಜಪ್ಪನನ್ನೂ ಅವನ ಅಕ್ಕ ಭದ್ರಮ್ಮನನ್ನೂ ಭೂಮಿಗೆ ಇಳಿಸಿಕೊಂಡ ಕೈ ಅವಳದೇ. ಹೊಕ್ಕುಳಬಳ್ಳಿ, ಮೊದಲ ಕೂದಲು, ಬಿದ್ದ ಹಲ್ಲು, ಮೈಯಿಂದ ಬೇರೆಯಾದದ್ದು ಏನೇ ಇರಲಿ, ಉಪ್ಪು ರಾಗಿ ಸೇರಿಸಿ ಹಿತ್ತಿಲಲ್ಲಿ ಹೂಳುವುದು ಅವಳ ಕೆಲಸವಾಗಿತ್ತು.

ಕೋಣೆಯ ತುಂಬ ಸ್ಪಿರಿಟ್ಟಿನ ವಾಸನೆ, ಅದರಡಿಯಲ್ಲಿ ಹಸಿ ನೆತ್ತರಿನ ವಾಸನೆ. ಮಂಚದ ಮೇಲೆ ಭದ್ರಮ್ಮ ಮುಖಕ್ಕೆಲ್ಲ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದಳು. ಶಿವನಂಜಪ್ಪ ಚಿಮಟದಲ್ಲಿ ಎತ್ತಿ ಹಿಡಿದಿದ್ದು ಅವಳ ಎರಡು ಕಿವಿಗಳ ಮುಂದಿನಿಂದ ಕತ್ತರಿಸಿ ತೆಗೆದ ತೊಗಲಿನ ಎರಡು ಪಟ್ಟಿ, ಒಂದೊಂದೂ ಬೆರಳಗಲ. ಅವನ್ನು ಸ್ಪಿರಿಟ್ಟು ತುಂಬಿದ ಸೀಸೆಗೆ ಇಳಿಸಿ, ಬಾಯಿಗೆ ಮೇಣ ಬಿಗಿದು, ಮೇಲೆ ಚೀಟಿ ಅಂಟಿಸಿದ. ಚೀಟಿಯಲ್ಲಿ ಅಕ್ಕನ ಹೆಸರು, ವಯಸ್ಸು, ಊರು.

"ಮದರಾಸಿನ ಡಾಕ್ಟರುಗಳಿಗೆ ತೋರಿಸೋಕೆ ಬೇಕು ಇದು. ನೀನು ಹೂಳಿದರೆ ಏನು ಬಂತು?"

"ಕೂದ್ಲೋ ಉಗ್ರೋ ತಕ್ಕಂಡು, ಕುಡಿಕೇಲಿ ಆಕಿ, ಬಾಯಿ ಬಿಗ್ದು, ಯೆಸರಿಟ್ಟು ಮಡಗ್ತಾರಲ್ಲ, ಅದ್ಕೇನಂತಾರೆ ಗೊತ್ತೇನಪ್ಪ?"

"ಏನಂತಾರೆ?"

"ಮಾಟ ಅಂತಾರೆ. ಈಗ ನೀ ಮಾಡಿದ್ದು ಅದೇಯ."

ಶಿವನಂಜಪ್ಪ ಗಹಗಹಿಸಿ ನಕ್ಕ. "ಹಂಗಾದ್ರೆ ಲಂಡನ್ನಿನ ಆಸ್ಪತ್ರೆ ತುಂಬ ಮಾಟಗಾರರೇ ಬಿಡು!"

ಮುದುಕಿ ನಗಲಿಲ್ಲ. "ಮೊಕದ ಒಲಿಗೆ ಬಿಚ್ಚೋದ್ರೊಳಗೆ ಮಣ್ಣಿಗೆ ಕೊಡು. ಇಲ್ದಿದ್ರೆ ಅವಳ ರಕ್ತ ಅಂಚ್ಕಂಡೋರಿಗೆ, ಒಬ್ಬರಾದ್ ಮ್ಯಾಕೆ ಒಬ್ಬರ್ಗೆ, ಅವಳು ಯಾರೋ ಆಗೋಯ್ತಾಳೆ. ಆಮ್ಯಾಕೆ ಊಳಿದ್ರೆ ತೊಗಲಲ್ಲ ಕಣಪ್ಪ, ಮೊಕಾನೇ ಊಳ್ದಂಗೆ."

ಅವನು ಬಾಗಿಲು ಹಾಕಿಕೊಂಡ. ಓದಿದವರ ಹಟ ಬಲು ಕೆಟ್ಟದ್ದು, ಅದಕ್ಕೆ ಕಿವಿಯೇ ಇರುವುದಿಲ್ಲ.

ಭದ್ರಮ್ಮನೇನು ಚೆಂದದ ಚಪಲಕ್ಕೆ ಮುಖ ಕೊಯ್ಯಿಸಿಕೊಂಡವಳಲ್ಲ, ಪಾಪ. ಗಂಡ ಹೋಗಿ ಹನ್ನೆರಡು ವರ್ಷವಾಗಿತ್ತು. ಒಬ್ಬನೇ ಮಗ ನಿಂಗರಾಜು ಮಹಾರಾಜರ ಪಲ್ಟನ್ನು ಸೇರಿ ಸಿಂಗಪೂರಕ್ಕೆ ಹೋಗಿ ಜಪಾನಿನವರ ಸೆರೆ ಸಿಕ್ಕಿದ. ನಾಲ್ಕು ವರ್ಷ ಇದ್ದಾನೋ ಸತ್ತನೋ ತಿಳಿಯಲಿಲ್ಲ. ಆ ನಾಲ್ಕು ವರ್ಷ ಅವಳು ಅತ್ತದ್ದೆಷ್ಟೋ. ಕೆನ್ನೆ ಇಳಿಬಿತ್ತು, ಗದ್ದದಡಿ ತೊಗಲು ಜೋತುಬಿತ್ತು. ನಲವತ್ತಾರಕ್ಕೇ ಎಪ್ಪತ್ತರ ಮುದುಕಿಯಾದಳು.

ಯುದ್ಧ ಮುಗಿದ ಮೇಲೆ ಪಲ್ಟನ್ನಿನ ಆಸ್ಪತ್ರೆಯಿಂದ ಕಾಗದ ಬಂತು. ಹುಡುಗ ಬದುಕಿದ್ದಾನೆ, ಆದರೆ ನೆನಪು ಕೆಟ್ಟಿದೆ. ಹಗಲೆಲ್ಲ ಅವ್ವನನ್ನು ಕೇಳುತ್ತಾನೆ. ತಿಂಗಳೊಳಗೆ ಕಳಿಸುತ್ತೇವೆ, ಗುರುತಿನ ಮುಖ ಕಂಡರೆ ಸರಿಹೋದಾನು, ಇಲ್ಲವಾದರೆ ಹೀಗೇ ಉಳಿದಾನು.

ಅದೇ ತಿಂಗಳು ಶಿವನಂಜಪ್ಪನೂ ಹದಿನೈದು ವರ್ಷದ ಮೇಲೆ ಊರಿಗೆ ಬಂದಿದ್ದ. ಲಂಡನ್ನಿನ ಸೀಮೆಯಲ್ಲಿ ಓದಿ, ಅಲ್ಲೇ ಯುದ್ಧದಲ್ಲಿ ಸುಟ್ಟ ಸಿಪಾಯಿಗಳ ಮುಖ ಹೊಲಿದವನು. ಇಳಿದ ಮುಖ ಎತ್ತುವುದನ್ನೂ ಕಲಿತಿದ್ದ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ ಅವನೆದುರು ಬಂದು ಕೂತಳು.

"ಗುರ್ತಿನ ಮೊಕ ಅಂತ ಬರ್ದವ್ರೆ ಕಣ್ಲಾ. ನನ್ ಮೊಕ ನಂಗೇ ಗುರ್ತಿಲ್ಲ. ಈ ಮುದುಕೀನ ನೋಡಿ ಅವ್ನು ಯಾರು ಅಂದ್ಬುಟ್ರೆ ನಾ ಬದುಕ್ತೀನಾ? ನಾಕು ವರ್ಷದ್ ಕೆಳಗಿನ ಮೊಕ ನಂಗೆ ವಾಪಸ್ ಕೊಡು."

ಅವನು ಎಲ್ಲ ಬಿಡಿಸಿ ಹೇಳಿದ. ಎರಡು ಬಗೆ ಇದೆ ಅಕ್ಕ. ಒಂದರಲ್ಲಿ ಕಿವಿ ಮುಂದೆ ಸಣ್ಣಗೆ ಕೊಯ್ದು, ತೊಗಲು ಎಳೆದು, ಹೆಚ್ಚಿದ್ದನ್ನು ಕತ್ತರಿಸಿ ಹೊಲಿಯುವುದು. ಸುಲಭ, ಆದರೆ ವರ್ಷದೊಳಗೆ ಮತ್ತೆ ಇಳಿಯುತ್ತೆ. ಇನ್ನೊಂದರಲ್ಲಿ ತಲೆಗೂದಲೊಳಗಿಂದ ಶುರುಮಾಡಿ, ಕಿವಿ ಬಳಸಿ ಹಿಂದಕ್ಕೆ ಕೊಯ್ದು, ಕೆನ್ನೆಯ, ಕುತ್ತಿಗೆಯ ತೊಗಲನ್ನು ಕೆಳಗಿನ ಕೊಬ್ಬಿನಿಂದ ಬಿಡಿಸಿ ಎತ್ತುವುದು. ಇದು ಬಹಳ ದಿನ ನಿಲ್ಲುತ್ತೆ. ಮುಖ ಊದುತ್ತೆ, ಕಪ್ಪಗೆ ಕಂದುತ್ತೆ. ಕಿವಿ ಹತ್ತಿರ ಮುಟ್ಟಿದರೆ ತಿಳಿಯದ ಹಾಗೆ ಜೋಮು. ಗಟ್ಟಿ ಅಗಿಯಬಾರದು, ಬಗ್ಗಬಾರದು. ಹತ್ತನೇ ದಿನ ಹೊಲಿಗೆ ಬಿಚ್ಚುವುದು.

"ದೊಡ್ಡದೇ ಮಾಡ್ಲಾ," ಅಂದಳು ಭದ್ರಮ್ಮ. "ರವಿಕೆ ಒಲ್ದಂಗೆ ಒಲ್ದಾಕು, ಅತ್ತಾಗೆ." ಎಷ್ಟೋ ದಿನದ ಮೇಲೆ ಅವಳು ನಕ್ಕಳು.

ಸೂಜಿ ಚುಚ್ಚಿ ಮರಗಟ್ಟಿಸಿ ಮೂರು ಗಂಟೆ ಕೊಯ್ದ, ಹೊಲಿದ.

ನಾಲ್ಕನೆಯ ದಿನ ಸಂಜೆ ಕಪಾಟಿನ ಸೀಸೆಯ ಕಡೆ ನೋಡಿದ. ಒಂದು ಪಟ್ಟಿಯ ಮೇಲೆ ಹಸಿರು ಚುಕ್ಕಿ. ಅಕ್ಕನ ಹಚ್ಚೆಯ ಚುಕ್ಕಿ. ಆದರೆ ಆ ಹಚ್ಚೆ ಇದ್ದದ್ದು ಗದ್ದದ ಮೇಲೆ, ಅವನು ಕೊಯ್ದದ್ದು ಕಿವಿಯ ಹತ್ತಿರ. ಬಟ್ಟೆ ಸರಿಸಿ ಅಕ್ಕನ ಗದ್ದ ನೋಡಿದ. ಬರಿ ಊತ, ಬರಿ ಕಂದು. ಊತ ಇಳಿದರೆ ಕಾಣುತ್ತೆ ಎಂದುಕೊಂಡ.

ಏಳನೆಯ ದಿನ ಎರಡು ಪಟ್ಟಿ ಒಂದಾಗಿದ್ದವು. ಅಗಲವಾಗಿದ್ದವು. ಅಕ್ಕನ ಮೂಗಿನ ಪಕ್ಕ ಇದ್ದ ಕರಿ ಮಚ್ಚೆಯೂ ಈಗ ಸೀಸೆಯೊಳಗಿತ್ತು. ಸೀಸೆಯ ಗಾಜಿನ ಮೇಲೆ ಒಳಗಡೆಯಿಂದ ಹಬೆ ಕಟ್ಟಿತ್ತು, ಯಾರೋ ಉಸಿರು ಬಿಟ್ಟ ಹಾಗೆ. ಬಿಗಿದ ಮೇಣದ ಸಂದಿಯಿಂದ ಸ್ಪಿರಿಟ್ಟಿನ ವಾಸನೆಯಲ್ಲ, ಹೊಗೆಸೊಪ್ಪಿನ, ಹರಳೆಣ್ಣೆಯ ವಾಸನೆ ಬರುತ್ತಿತ್ತು. ಚಿಕ್ಕವನಾಗಿದ್ದಾಗ ಮುಖ ಹುದುಗಿಸಿ ಮಲಗುತ್ತಿದ್ದ ಅಕ್ಕನ ಕುತ್ತಿಗೆಯ ವಾಸನೆ. ಶಿವನಂಜಪ್ಪ ಸೀಸೆಯನ್ನು ಕಪಾಟಿನ ಹಿಂದಕ್ಕೆ ತಳ್ಳಿದ.

ಒಂಬತ್ತನೆಯ ದಿನ ಸೀಸೆಯನ್ನು ಪಂಚೆಯಡಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದ. ಚಿಕ್ಕಸಿದ್ದಮ್ಮ ಅಲ್ಲೇ ಮೊರ ಇಟ್ಟುಕೊಂಡು ಕೂತಿದ್ದಳು. ಕೈ ಚಾಚಿದಳು. ಕೊಟ್ಟುಬಿಡಬಾರದಿತ್ತೇ? ಆದರೆ ಸೀಮೆಯಲ್ಲಿ ಓದಿ ಬಂದವನು ಸೂಲಗಿತ್ತಿಯ ಮುಂದೆ ಸೋಲುವುದೆಂದರೇನು! ಗಂಟಲು ಸರಿಮಾಡಿಕೊಂಡು, ಗಾಳಿಗೆ ಬಂದವನಂತೆ ಎರಡು ಹೆಜ್ಜೆ ಅಡ್ಡಾಡಿ, ಸೀಸೆಯ ಸಮೇತ ಒಳಗೆ ಬಂದುಬಿಟ್ಟ. ಚೀಟಿಯನ್ನು ಗೋಡೆಗೆ ತಿರುಗಿಸಿ ಕಪಾಟು ಮುಚ್ಚಿದ.

ಮರುದಿನ ಬೆಳಗ್ಗೆ ಹೊಲಿಗೆ ಬಿಚ್ಚಿದ.

ಅಬ್ಬಾ, ಏನು ಕೆಲಸ! ನಿಂಗರಾಜು ಪಲ್ಟನ್ನು ಸೇರುವ ಮುಂಚೆ ತಾಯಿ ಮಗ ಮೈಸೂರಿನಲ್ಲಿ ತೆಗೆಸಿದ ಪಟ ಗೋಡೆಯ ಮೇಲಿತ್ತು. ಪಟದ ಭದ್ರಮ್ಮನೇ ಎದ್ದು ಬಂದ ಹಾಗಿತ್ತು. ಅವಳು ಕನ್ನಡಿ ಹಿಡಿದು ಅತ್ತಳು, ತಮ್ಮನ ಎರಡೂ ಕೈ ಕಣ್ಣಿಗೊತ್ತಿಕೊಂಡಳು. ಗದ್ದದ ಹಚ್ಚೆ, ಮೂಗಿನ ಮಚ್ಚೆ ಇಲ್ಲದ್ದನ್ನು ಅವಳು ಗಮನಿಸಲಿಲ್ಲ. ಅವನು ಹೇಳಲಿಲ್ಲ.

ಮೂರು ದಿನದ ಮೇಲೆ, ಮಧ್ಯಾಹ್ನ, ಪಿರಿಯಾಪಟ್ಟಣದ ಗಾಡಿ ಬಂತು. ನಿಂಗರಾಜು ಇಳಿದ. ಮೂಳೆ ಚಕ್ಕಳ. ಕೊಟ್ಟಿಗೆ ನೋಡಿದ, ಎತ್ತಿನ ಹೆಸರು ಹಿಡಿದು ಕರೆದ. ಚಿಕ್ಕಸಿದ್ದಮ್ಮನನ್ನು ಕಂಡು "ಅಜ್ಜಿ" ಅಂದ. ಹದಿನೈದು ವರ್ಷ ನೋಡಿರದ ಶಿವನಂಜಪ್ಪನನ್ನೂ "ಮಾವ ಅಲ್ವಾ?" ಅಂದ. ನೆನಪು ಮರಳುತ್ತಿತ್ತು! ಭದ್ರಮ್ಮ ಬಾಗಿಲಿನಿಂದ ಓಡಿದಳು, ಎರಡೂ ಕೈಯಲ್ಲಿ ಮಗನ ಮುಖ ಹಿಡಿದಳು.

"ನನ್ನಪ್ಪಾ, ನನ್ ಕಂದಾ, ಬಂದ್ಯೇನ್ಲಾ..."

ಅವನು ಮೆಲ್ಲಗೆ ಅವಳ ಕೈ ಬಿಡಿಸಿದ. ಅವಳಾಚೆ ನೋಡಿದ, ಬಾಗಿಲ ಕಡೆ.

"ಅವ್ವ ಎಲ್ಲಿ?"

ಶಿವನಂಜಪ್ಪ ಪಟ ಕಿತ್ತು ತಂದ. "ನೋಡೋ ನಿಂಗ, ಇದ್ಯಾರು?"

"ಅವ್ವ."

"ಇವಳು?"

ನಿಂಗರಾಜು ಬಹಳ ಹೊತ್ತು ನೋಡಿದ. ಹಣೆಯ ಮೇಲೆ ಬೆವರು. "ಗೊತ್ತಿಲ್ಲ ಮಾವ. ಇವ್ರ್ಯಾಕೆ ಅಳ್ತಾವ್ರೆ?"

ಶಿವನಂಜಪ್ಪ ಕೋಣೆಗೆ ಓಡಿದ. ಕಪಾಟು ತೆಗೆದ. ಗಾಜಿಗೆ ಒತ್ತಿಕೊಂಡು ಅಕ್ಕ ನೋಡುತ್ತಿದ್ದಳು. ಇಳಿದ ಕೆನ್ನೆ. ಹಚ್ಚೆ. ಮಚ್ಚೆ. ಅತ್ತು ಅತ್ತು ಕೆಂಪಾದ ರೆಪ್ಪೆ. ತುಟಿ ಅಲ್ಲಾಡುತ್ತಿತ್ತು. ಸದ್ದಿಲ್ಲ. ಅವನು ಚೀರಿದ. ಸೀಸೆ ಎತ್ತಿದ. ಹಿತ್ತಿಲಿಗೆ ಓಡಿದ. ಚಿಕ್ಕಸಿದ್ದಮ್ಮ ಅಡ್ಡ ಬಂದಳು. "ಬ್ಯಾಡ ಕಣಪ್ಪೋ! ಒತ್ತು ಮೀರೋಯ್ತು! ಈಗ ಊಳ್ಬ್ಯಾಡ!" ಅವಳನ್ನು ತಳ್ಳಿದ. ಮಣ್ಣು ಕೆರೆದ. ಉಗುರು ಕಿತ್ತುಬಂತು. ಸೀಸೆ ಒಡೆದ. ಸುರಿದ. ಮೊರದ ಉಪ್ಪು ಎರಚಿದ. ರಾಗಿ ಎರಚಿದ. ಮಣ್ಣು ಮುಚ್ಚಿದ. ಮಣ್ಣಿನಡಿಯಿಂದ ಒಂದು ನಿಟ್ಟುಸಿರು ಬಂತು. ಆಮೇಲೆ ಏನೂ ಇಲ್ಲ.

ಕೈ ತೊಳೆದು ಒಳಗೆ ಬರುವಾಗ ಮನಸ್ಸು ಎಷ್ಟೋ ಹಗುರವಾಗಿತ್ತು. ಏನೋ ದೊಡ್ಡದೊಂದು ಕಳೆಯಿತು ಅನ್ನಿಸಿತು. ಪಡಸಾಲೆಯಲ್ಲಿ ನಿಂಗರಾಜು ತಟ್ಟೆಯ ಮುಂದೆ ಕೂತಿದ್ದ. ಯಾರೋ ಒಬ್ಬ ಹೆಂಗಸು ಅವನಿಗೆ ಮುದ್ದೆ ಇಡುತ್ತಿದ್ದಳು. ನೋಡಿದರೆ ಒಳ್ಳೆಯ ಮನೆಯವಳೇ.

"ಅಕ್ಕ ಎಲ್ಲಿ?" ಅಂದ ಶಿವನಂಜಪ್ಪ. "ಯಾರಮ್ಮ ನೀವು?"

ಹೆಂಗಸಿನ ಕೈ ನಿಂತಿತು. ಅವಳು ಅವನ ಮುಖವನ್ನೇ ನೋಡಿದಳು, ಆಮೇಲೆ ಮಗನ ಮುಖವನ್ನು. ತಟ್ಟೆಗೆ ಕೈ ಹಾಕದೆ ಕೂತ ನಿಂಗರಾಜು ಮತ್ತೆ ಗಾಬರಿಯಾಗಿ ಗೋಡೆ, ಬಾಗಿಲು, ಸೂರು ಎಲ್ಲವನ್ನೂ ಹೊಸದಾಗಿ ನೋಡತೊಡಗಿದ್ದ. ಎದುರಿಗೆ ಅಳುತ್ತಿರುವ ತನ್ನಿಂದಲೇ ಅವನಿಗೆ ಭಯವಾಗುತ್ತಿದೆಯೆಂದು ಅವಳಿಗೆ ತಿಳಿಯಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನು ಭೇರ್ಯದೋಳು ಕಣಪ್ಪ, ದೂರದ ನೆಂಟ್ರು," ಅಂದಳು. "ನಿಮ್ಮಕ್ಕ ನಮ್ಮೂರ್ಗೆ ಓಗವ್ಳೆ. ಬರೋಗಂಟ ಅಡ್ಗೆ ನೋಡ್ಕಳಕ್ಕೆ ನನ್ನ ಕಳ್ಸವ್ಳೆ."

ನಿಂಗರಾಜುವಿನ ಮುಖ ಸಡಿಲವಾಯಿತು. "ಅವ್ವ ಬತ್ತಾಳಾ?"

"ಬರ್ದೆ ಏನಪ್ಪ. ನಿನ್ನ ಬುಟ್ಟು ಎಲ್ಲಿಗೋದಾಳು? ಉಣ್ಣು, ಸಾರು ಆರೋಯ್ತದೆ."

ಅವನು ತಲೆ ತಗ್ಗಿಸಿ ಉಣ್ಣತೊಡಗಿದ. ಶಿವನಂಜಪ್ಪ ಜಗಲಿಗೆ ಹೋಗಿ, ಅಕ್ಕನ ಗಾಡಿ ಬಂದೀತೇ ಎಂದು ದಾರಿ ನೋಡುತ್ತಾ ಕೂತ. ಒಳಗೆ ಭದ್ರಮ್ಮ ಮಗನಿಗೆ ಇನ್ನೊಂದು ಮುದ್ದೆ ಇಟ್ಟಳು.