ಗಿರಾಕಿಯ ಹೆಸರು

ಬಾಗಿಲಾಚೆಯಿಂದ, ಇಂಟರ್‌ವ್ಯೂಗೆ ಮೊದಲು ಒಳಗೆ ಹೋದ ಶಮೀಮಾಬಿಯ ದನಿ ಕೇಳುತ್ತಿತ್ತು.

"ಗುಡದಪ್ಪನವರ, ಸಿಟ್ಟ ಮಾಡಬ್ಯಾಡ್ರಿ. ಗುಡದಪ್ಪನವರ, ಎಲ್ಲಾ ಬರಕೊಂಡೀನ್ರಿ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅನ್ನವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಒಳಗಿನ ಮಾತನ್ನೆಲ್ಲ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಇಂಟರ್‌ವ್ಯೂ ಎಂದರೆ ಫೋನಿನಲ್ಲಿ ಬೈಸಿಕೊಳ್ಳುವುದು ಎಂದು ಯಾರು ಕಂಡಿದ್ದರು?

ಅಣ್ಣಿಗೇರಿಯ ಹತ್ತಿ ಮಿಲ್ಲಿನ ಮಾಳಿಗೆಯ ಮೇಲೆ ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿ ಆ ವರ್ಷ, ಅಂದರೆ ಎಂಬತ್ತೊಂಬತ್ತರಲ್ಲಿ, ಬ್ರಾಂಚ್ ತೆರೆದಿತ್ತು. ಸಾಫ್ಟ್‌ವೇರ್ ಎಂದರೆ ಏನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಂಪ್ಯೂಟರ್ ಆಫೀಸು ಎನ್ನುತ್ತಿದ್ದರು. ಸುತ್ತಲಿನ ಮಿಲ್ಲಿನವರು, ಸೊಸೈಟಿಯವರು ಹುರುಪಿನಿಂದ ಕಂಪ್ಯೂಟರ್ ಹಾಕಿಸಿಕೊಂಡು, ಅದು ಮುನಿಸಿಕೊಂಡಾಗಲೆಲ್ಲ ಫೋನ್ ಮಾಡಿ ಕಂಪನಿಯ ಮಾನ ಕಳೆಯುತ್ತಿದ್ದರು. ಆ ಬೈಗುಳ ಕೇಳಿಸಿಕೊಂಡು, ಸಮಾಧಾನ ಹೇಳಿ, ಹೀಗೆ ಮಾಡಿ ಹಾಗೆ ಮಾಡಿ ಎಂದು ತಿಳಿಸುವವರೊಬ್ಬರು ಬೇಕಾಗಿದ್ದರು.

ಆ ಕುರ್ಚಿ ಅನ್ನವ್ವನಿಗೆ ಬೇಕೇ ಬೇಕಿತ್ತು. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತ ಮಗಳಿಗೆ ಅಪ್ಪ ಮಡಿವಾಳೆಪ್ಪ ಕಡ್ಡಿ ಮುರಿದಂತೆ ಹೇಳಿದ್ದ. "ನೌಕ್ರಿ ಸಿಕ್ತಂದ್ರ ತಡೀತೀನಿ. ಇಲ್ಲಂದ್ರ ಯುಗಾದಿ ಮುಗದ ಕೂಡ್ಲೇ ನಿಮ್ಮ ಮಾವನ ಕೂಡ ಮದುವಿ." ಮಾವ ಎಂದರೆ ನವಲಗುಂದದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಸೋದರಮಾವ ಶಂಭುಲಿಂಗಪ್ಪ. ಕೆಟ್ಟವನಲ್ಲ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಸಂತೆಗೆ ಕರೆದೊಯ್ದವನು. ಆ ಹೆಗಲು ನೆನಪಾದರೆ ಅವನನ್ನು ಗಂಡ ಎಂದು ಎಣಿಸಲು ಅವಳಿಗೆ ಆಗುತ್ತಿರಲಿಲ್ಲ.

ಈ ಕೆಲಸದ ಸುದ್ದಿ ತಂದವನು ಕುಬೇರಪ್ಪ. ಅದೇ ಬ್ರಾಂಚಿನ ಮೆಕ್ಯಾನಿಕ್, ಸಂಶಿಯ ಹುಡುಗ. ಟೈಪಿಂಗ್ ಕ್ಲಾಸಿನಲ್ಲಿ ಬಾಜು ಮಷೀನಿಗೆ ಕೂತು, ತನ್ನ ಹಾಳೆ ಬಿಟ್ಟು ಅವಳ ಬೆರಳುಗಳನ್ನೇ ನೋಡುತ್ತಿದ್ದವನು. ಅವಳು ಕಣ್ಣು ಕೆಕ್ಕರಿಸಿದರೆ ಗೋಡೆ ನೋಡುವುದು, ಅವಳು ತಲೆ ತಗ್ಗಿಸಿದರೆ ಮತ್ತೆ ಬೆರಳು. ಎಷ್ಟು ದಿನ ಗೋಡೆ ನೋಡಿಯಾನು? ಒಂದು ದಿನ ನೋಟಕ್ಕೆ ನೋಟ ಸಿಕ್ಕಿತು, ಇಬ್ಬರೂ ನಕ್ಕುಬಿಟ್ಟರು.

ಅಂದಿನಿಂದ ಅವಳು ಅವನ ಹೆಸರು ಹೇಳುವುದನ್ನು ಬಿಟ್ಟಳು.

ಅವಳ ಅವ್ವ ಇಂದಿಗೂ ಗಂಡನ ಹೆಸರನ್ನು ಬಾಯಿಂದ ಆಡಿದವಳಲ್ಲ. ಮದುವೆಯ ದಿನ ಹೆಂಗಸರೆಲ್ಲ ಸುತ್ತ ನಿಂತು ಕಾಡಿಸಿ, ಒಡಪು ಕಟ್ಟಿ ಹಾಡಿಸಿ, ಆ ಪದ್ಯದೊಳಗೆ ಒಮ್ಮೆ ಹೇಳಿಸಿದ್ದೇ ಬಂತು. ಅನ್ನವ್ವ ಓದಿದವಳು, ಇದನ್ನೆಲ್ಲ ನಂಬುತ್ತಿರಲಿಲ್ಲ. ಆದರೂ ಕುಬೇರಪ್ಪನ ಹೆಸರು ನಾಲಿಗೆಗೆ ಬಂದರೆ ಕೆನ್ನೆ ಬಿಸಿಯಾಗುತ್ತಿತ್ತು.

"ಒಮ್ಮೆ ಹೆಸರ ಹಿಡದ ಕರಿ ನೋಡೂಣು," ಎಂದು ಅವನು ಬಸ್ ಸ್ಟ್ಯಾಂಡಿನಲ್ಲಿ ಕಾಡುತ್ತಿದ್ದ.

"ಕರೀತೀನ್ರಿ. ಒಡಪು ಹೇಳೋ ದಿನಾ ಬರ್ಲಿ."

"ಅಲ್ಲಿ ಮಟಾ?"

"ಅಲ್ಲಿ ಮಟಾ 'ಏನ್ರಿ'ನ ಗತಿ ನಿಮಗ."

ಅವನು ಸೋತವನಂತೆ ತಲೆ ಕೆರೆದುಕೊಳ್ಳುತ್ತಿದ್ದ. ಆ ಸೋಲು ನೋಡಲು ಅವಳಿಗೆ ಬಲು ಸೊಗಸು. ಸಂಶಿಯಲ್ಲಿರುವ ತಾಯಿಗೆ ಹೇಳಿ ಹೆಣ್ಣು ಕೇಳಲು ಕಳಿಸುವುದೊಂದು ಬಾಕಿ ಇತ್ತು. ಅದನ್ನು ಮಾತ್ರ ಅವನು ಇವತ್ತು, ನಾಳೆ ಎನ್ನುತ್ತ ನೂಕುತ್ತ ಬಂದಿದ್ದ.

ಶಮೀಮಾಬಿ ಹೊರಗೆ ಬಂದಳು. ಅನ್ನವ್ವ ಒಳಗೆ ಹೋದಳು.

ಬ್ರಾಂಚ್ ನೋಡಿಕೊಳ್ಳುತ್ತಿದ್ದ ಇಮಾಮುದ್ದೀನ ಸಾಹೇಬರು ಮೃದು ಮಾತಿನ ಮನುಷ್ಯ. "ಕಂಪ್ಯೂಟರ್ ನಾವ ಕಲಸ್ತೀವಿ, ಅದರ ಚಿಂತಿ ಬ್ಯಾಡ," ಎಂದರು. "ಸಿಟ್ಟಿಗೆದ್ದ ಮನಷ್ಯಾನ್ನ ತಣ್ಣಗ ಮಾಡೂದು ಮಾತ್ರ ಕಲಸಾಕ ಬರೂದಿಲ್ಲ. ಮೊದ್ಲ ಹೆಸರ ಕೇಳು. ಆಮ್ಯಾಲೆ ಮಾತಮಾತಿಗೂ ಹೆಸರ ಹಿಡದ ಮಾತಾಡು. ಅರ್ಧಾ ಸಿಟ್ಟು ಅಲ್ಲೇ ಇಳಿತೈತಿ."

ಆಚೆ ಖೋಲಿಯಿಂದ ನಮ್ಮವನೊಬ್ಬ ಗಿರಾಕಿಯ ವೇಷ ಹಾಕುತ್ತಾನೆ ಎಂದು ಹೇಳಿ ಅವರು ಫೋನನ್ನು ಅವಳತ್ತ ಸರಿಸಿದರು. ಗಂಟೆ ಬಾರಿಸಿತು.

"ಏನ್ ಮಷೀನ್ ಕೊಟ್ಟೀರ್ರಿ ಇದನ್ನ! ಮುಂಜಾನಿಂದ ಒಂದ ಪ್ರಿಂಟ್ ಬರವಲ್ದು!"

ಅನ್ನವ್ವನಿಗೆ ನಗು ಉಕ್ಕಿತು. ದನಿ ಎಷ್ಟು ದಪ್ಪ ಮಾಡಿದರೂ ಅದು ಅವನದೇ. ಅಂಜಿಕೆ ಅರ್ಧ ಇಳಿದುಹೋಯಿತು.

"ಸಿಟ್ಟ ಆಗಬ್ಯಾಡ್ರಿ. ನಿಮ್ಮ ಹೆಸರೇನ್ರಿ?"

 ದಪ್ಪ ದನಿ ತೆಳುವಾಗಿ, ತುಂಟತನದಿಂದ ಬಂತು.

"ಕುಬೇರಪ್ಪ."

ಅವಳು ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

"ಯಾಕ್ರಿ ಮೇಡಂ, ಸುಮ್ಮನಾದ್ರಿ? ಹೆಸರ ತಿಳೀಲಿಲ್ಲೇನು? ಹೇಳ್ರಿ ಮತ್ತ, ಏನಂದೆ ನಾನು?"

"ಅಂದ್ರ... ನಿಮ್ಮ ಮಷೀನು..."

"ಮಷೀನ್ ಬಿಡ್ರಿ. ಹೆಸರ ಹೇಳ್ರಿ."

ಸಾಹೇಬರು ಹೇಳು ಎಂಬಂತೆ ಕೈ ಮಾಡಿದರು. ಅನ್ನವ್ವ ಬಾಯಿ ತೆರೆದಳು, ಮುಚ್ಚಿದಳು. ಕಿವಿಯವರೆಗೂ ಕೆಂಪಾದಳು. ಅತ್ತ ರಿಸೀವರಿನಲ್ಲಿ ಅವನು ಉಸಿರು ಬಿಗಿಹಿಡಿದು ನಗುವುದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಕೊನೆಗೆ ಸಾಹೇಬರೇ ಎದ್ದು ಫೋನ್ ಇಟ್ಟರು.

"ಒಂದ ಹೆಸರ ಹೇಳಾಕ ಇಷ್ಟ ಅಂಜಿದ್ರ ಮಿಲ್ಲಿನವರ ಬಾಯಿಗೆ ಹೆಂಗ ತಡೀತೀಯವಾ? ಹೋಗಿ ಬಾ, ಬ್ಯಾಸರ ಮಾಡ್ಕೋಬ್ಯಾಡ."

ಮಾಳಿಗೆಯ ಮೆಟ್ಟಿಲ ಬುಡದಲ್ಲಿ, ಹತ್ತಿ ತುಂಬಿದ ಅಂಡಿಗೆ ಚೀಲಗಳ ಮರೆಯಲ್ಲಿ ಅವನು ಆಗಲೇ ಬಂದು ನಿಂತಿದ್ದ. ಮುಖದ ತುಂಬ ಹಬ್ಬ.

"ಗೊತ್ತಿತ್ತು ನನಗ! ಸತ್ರೂ ಹೇಳೂದಿಲ್ಲಂತ ಗೊತ್ತಿತ್ತು!"

"ಶಮೀಮಾಬಿಗೆ ಗುಡದಪ್ಪ ಅಂದ್ರಿ," ಎಂದಳು ಅನ್ನವ್ವ. "ನನಗ್ಯಾಕ ನಿಮ್ಮ ಹೆಸರ ಹೇಳಿದ್ರಿ?"

"ನೋಡೂಣಂತ. ನೀ ಕೆಂಪಾಗಿರ್ತಿ ಅಂತ ಆ ಖೋಲ್ಯಾಗಿಂದನ ಕಾಣ್ತಿತ್ತು ನನಗ." ಅವನ ಕಣ್ಣು ಅವಳ ಕೆನ್ನೆಯ ಮೇಲೇ ಇತ್ತು.

"ನೌಕ್ರಿ ಹೋತು."

"ಹೋದ್ರ ಹೋಗ್ಲಿ ಬಿಡು. ಮದುವಿ ಆದ ಮ್ಯಾಲೆ ಬಿಡೂದ ಇತ್ತಲ್ಲ."

"ನಿಮ್ಮ ಅವ್ವಾರಿಗೆ ಹೇಳಿದ್ರ್ಯಾ?"

ನಗು ಸ್ವಲ್ಪ ಸರಿಯಿತು. "ಹೇಳ್ತೀನಿ. ಹತ್ತಿ ಸುಗ್ಗಿ ಒಂದ ಮುಗೀಲಿ. ಆಕಿ ಮನಸ ಸರಿ ಇರೂ ಹೊತ್ತ ನೋಡಿ ಹೇಳ್ಬೇಕು."

"ಯುಗಾದಿಗೆ ನನ್ನ ಮದುವಿ ಮಾಡ್ತಾರ. ಗೊತ್ತೈತಿಲ್ಲ ನಿಮಗ?"

"ನಿಮ್ಮಪ್ಪಗ ಇನ್ನೊಂದೀಟು ತಡೀರಿ ಅನ್ನು. ಅಷ್ಟೂ ಮಾಡೂದಿಲ್ಲೇನು ನನ್ನ ಸಲುವಾಗಿ?"

ಅನ್ನವ್ವ ಅವನನ್ನೇ ನೋಡಿದಳು. ಅದೇ ಹುಬ್ಬು, ಅದೇ ತುಂಟ ತುಟಿ. ಇವುಗಳಿಗಾಗಿ ಅವಳು ಎಷ್ಟು ಬಸ್ಸು ಬೇಕೆಂದೇ ತಪ್ಪಿಸಿಕೊಂಡಿದ್ದಳೋ. ಈ ಹುಡುಗನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ, ಇತ್ತು. ಆದರೆ ಅವಳ ಬದುಕು ಮುಳುಗುವ ಹೊತ್ತಿನಲ್ಲಿ ಅವಳ ಕೆನ್ನೆ ಕೆಂಪಾಗುವುದನ್ನು ನೋಡುವಷ್ಟೇ ಇತ್ತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಿರುಗಿ ಮೆಟ್ಟಿಲು ಹತ್ತಿದಳು.

"ಎಲ್ಲಿ ಹೊಂಟಿ?" ಎಂದು ಅವನು ಕೂಗಿದ್ದು ಕೇಳಿಸಿತು.

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಇನ್ನೊಮ್ಮೆ ಫೋನ್ ಮಾಡಸ್ರಿ ಸಾಹೇಬರ," ಎಂದಳು ಅನ್ನವ್ವ.

"ಗಿರಾಕಿ ಇನ್ನೊಮ್ಮೆ ಮಾಡೂದಿಲ್ಲವಾ."

"ಪ್ರಿಂಟ್ ಬರದ ಗಿರಾಕಿ ಮಾಡೇ ಮಾಡ್ತಾನ್ರಿ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಕಿಟಕಿಯಿಂದ ಬಗ್ಗಿ ಕೆಳಗಿದ್ದ ಕುಬೇರಪ್ಪನನ್ನು ಮೇಲೆ ಕರೆದು, ಅದೇ ಗಿರಾಕಿ ಆಗಿ ಮತ್ತೆ ಮಾತಾಡು ಎಂದು ಆಚೆ ಖೋಲಿಗೆ ಕಳಿಸಿದರು.

ಗಂಟೆ ಬಾರಿಸಿತು.

"ನಮಸ್ಕಾರ್ರಿ, ಕುಬೇರಪ್ಪನವರ," ಎಂದಳು ಅನ್ನವ್ವ. "ಪ್ರಿಂಟ್ ಬರವಲ್ದಂತ ಆಗಳೆ ಹೇಳಿದ್ರಿ. ಹಾಳಿ ನೆಟ್ಟಗ ಕುಂತೈತೇನ್ ನೋಡ್ರಿ, ಕುಬೇರಪ್ಪನವರ."

 ಹೆಸರು ಇಷ್ಟು ಹಗುರವೇ ಎಂದು ಅವಳಿಗೇ ಸೋಜಿಗ. ಎದೆಯ ಒಳಗೆ ಮಾತ್ರ ಏನೋ ಹರಿದುಹೋಗುತ್ತಿತ್ತು.

"ಅನ್ನವ್ವಾ, ಬ್ಯಾಡ," ಎಂದಿತು ಫೋನು, ಅವಳೊಬ್ಬಳಿಗೇ ಕೇಳುವಂತೆ.

"ಹಾಳಿ ಸರಿ ಇದ್ರ, ಮಷೀನ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ, ಕುಬೇರಪ್ಪನವರ."

"ಇವತ್ತ ಸಂಜಿಗೆ ಹೇಳ್ತೀನಿ ಅವ್ವಗ. ಆಣಿ ಮಾಡಿ ಹೇಳ್ತೀನಿ. ಹಿಂಗ ಕರೀಬ್ಯಾಡ ನನ್ನ."

ಈ ಮಾತನ್ನು ಅವನು ಮೆಟ್ಟಿಲ ಬುಡದಲ್ಲಿ ಆಡಿದ್ದರೆ ಅವಳು ನೌಕರಿಯನ್ನೂ ಅಪ್ಪನನ್ನೂ ಮರೆತು ಅಲ್ಲೇ ನಿಲ್ಲುತ್ತಿದ್ದಳು. ಈಗಲೂ ಮನಸ್ಸು ಅತ್ತಲೇ ಎಳೆಯುತ್ತಿತ್ತು. ಸಂಜೆಯಾದರೆ ಅವನಿಗೆ ಮತ್ತೊಂದು ನಾಳೆ ಸಿಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು, ಅದಕ್ಕೇ ದನಿ ಒಡೆಯದಂತೆ ಹಿಡಿದಳು.

"ಇನ್ನೇನಾರ ತೊಂದ್ರಿ ಐತೇನ್ರಿ, ಕುಬೇರಪ್ಪನವರ?"

ಸಣ್ಣ ದನಿಯಲ್ಲಿ ಉತ್ತರ ಬಂತು. "ಇಲ್ರಿ."

ಅವಳು ರಿಸೀವರ್ ಇಡಲು ಹೋದಳು. ಸಾಹೇಬರು ಬೇಡವೆಂದು ಕೈ ಅಡ್ಡ ಮಾಡಿ, ಗಿರಾಕಿಯೇ ಮೊದಲು ಇಡಬೇಕು ಎಂದು ಪಿಸುಗುಟ್ಟಿದರು. ಅನ್ನವ್ವ ಹಿಡಿದೇ ನಿಂತಳು. ಕೆಳಗೆ ಹತ್ತಿ ಹಿಂಜುವ ಮಷೀನಿನ ಸದ್ದು ಒಂದು ಕಿವಿಗೆ ಕಿಟಕಿಯಿಂದ ಬರುತ್ತಿತ್ತು, ಇನ್ನೊಂದು ಕಿವಿಗೆ ಅವನ ಖೋಲಿಯಿಂದ. ನಡುವೆ ಅವನ ಉಸಿರು. ಮೊದಲ ಬಾರಿಗೆ ಇಷ್ಟು ಹತ್ತಿರ ಕೇಳುತ್ತಿದ್ದಳು. ಇಡಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು, ಇಟ್ಟುಬಿಡು ಎಂದೂ ಬೇಡಿಕೊಂಡಳು.

ಅವನು ಇಟ್ಟ.

ಸಾಹೇಬರು ಖುಷಿಯಿಂದ ಮೇಜು ತಟ್ಟಿದರು. "ಸೋಮವಾರ ಬಂದ್ಬಿಡವಾ. ಒಂದ ಮಾತ ಕೇಳಿರ್ತೀನಿ, ತಪ್ಪ ತಿಳಕೋಬ್ಯಾಡ. ಹೆಣ್ಣಮಕ್ಕಳು ಕೆಲಸ ಕಲ್ತ ಕೂಡ್ಲೇ ಮದುವಿ ಆಗಿ ಹೋಗಿಬಿಡ್ತಾರ. ನಿನ್ನ ಕೇಳಾಕ ಯಾರರ ಬಂದಾರೇನು?"

ಆಚೆ ಖೋಲಿಯ ಬಾಗಿಲು ಅರ್ಧ ತೆರೆದಿತ್ತು. ಅದರ ಹಿಂದೆ ಅವನು ನಿಂತಿದ್ದ. ಒಂದು ಹೆಜ್ಜೆ ಮುಂದೆ ಬಂದು ಒಂದು ಮಾತು ಆಡಲಿ ಎಂದು ಅನ್ನವ್ವ ಕಾದಳು. ಸಾಹೇಬರಿಗೆ ಬೇಸರ ಬರುವಷ್ಟು ಕಾದಳು.

"ಇಲ್ರಿ ಸಾಹೇಬರ," ಎಂದಳು. "ನನ್ನ ಕೇಳಾಕ ಯಾರೂ ಬಂದಿಲ್ರಿ."