ಮುಂದಿನ ಇಪ್ಪತ್ತು ವರ್ಷ

"ನಿಮ್ಮ ಯೋಜನೆಯಲ್ಲಿ ಮಂಗನ ಕಾಯಿಲೆಯೇ ಇಲ್ವಲ್ಲ ಸರ್?"

ಕೊಪ್ಪದ ಸಭೆಯಲ್ಲಿ ಡಾಕ್ಟರ್ ಭಾರ್ಗವಿ ಎದ್ದು ನಿಂತು ಕೇಳಿದಾಗ ಕಶ್ಯಪ ತಬ್ಬಿಬ್ಬಾದ. ಮೈಸೂರಿನವನಾದ ಅವನು, ದೇಶದ ಮುಂದಿನ ಇಪ್ಪತ್ತು ವರ್ಷಗಳ ಆರೋಗ್ಯ ಯೋಜನೆಗೆ ಮಾಹಿತಿ ಕಲೆಹಾಕಲು ೨೦೦೬ರ ಆ ಬೇಸಿಗೆಯಲ್ಲಿ ದೆಹಲಿಯ ಕಚೇರಿಯಿಂದ ಬಂದಿದ್ದ.

"ರೋಗಿಗಳು ತೀರಾ ಕಡಿಮೆ ಮೇಡಂ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಮುಂದೆ ಇದು..."

"ಕಡಿಮೆ ಅಂದ್ರೆ ಎಂತ? ನಾಳೆ ಮೆಣಸೆ ಊರಿಗೆ ಬನ್ನಿ ಮಾರಾಯ್ರೆ, ನೋಡುವಿರಂತೆ."

ಬೈದವಳ ಕಣ್ಣಂಚಿನಲ್ಲಿ ನಗುವಿತ್ತು. ಆ ನಗುವಿಗಾಗಿಯೇ ಅವನು ಹೋದ.

ಮೆಣಸೆಯ ಕಾಡಂಚಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಅವುಗಳ ಮೈಯಿಂದ ಇಳಿದ, ರಕ್ತ ಹೀರುವ ಉಣುಗು ಕಚ್ಚಿದರೆ ಮನುಷ್ಯರಿಗೂ ಜ್ವರ. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಬಾಟಲಿಯ ತಳದಲ್ಲಷ್ಟೇ ಇತ್ತು. ಭಾರ್ಗವಿ ಅಷ್ಟನ್ನೂ ಅವನ ಅಂಗೈಗೆ ಸುರಿದಳು.

"ನಿಮಗೆ?"

"ನಾನು ಇಲ್ಲಿಯವಳೇ. ಉಣುಗಿಗೆ ನನ್ನ ಪರಿಚಯ ಉಂಟು. ಕುತ್ತಿಗೆಗೂ ಹಚ್ಕೊಳ್ಳಿ."

ಅವಳನ್ನೇ ನೋಡುತ್ತಾ ಅವನು ಮೂಗಿಗೂ ಹಚ್ಚಿಕೊಂಡ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಮುಂದಿನ ವಾರ ಅವಳೇ ಜ್ವರದಲ್ಲಿ ಬಿದ್ದಳು.

ದೆಹಲಿಗೆ ಹೊರಟಿದ್ದ ಕಶ್ಯಪ ಸುದ್ದಿ ತಿಳಿದು ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಓಡಿದ. ಅವಳ ಕಣ್ಣು ಕೆಂಪಗಾಗಿತ್ತು, ಒಸಡಿನಿಂದ ರಕ್ತ ಜಿನುಗುತ್ತಿತ್ತು. ಸ್ಯಾಂಪಲ್ ದೂರದ ಲ್ಯಾಬಿಗೆ ಹೋಗಿತ್ತು, ವರದಿಯ ಸುಳಿವಿಲ್ಲ.

"ಔಷಧಿ ಕೊಟ್ರಾ?" ನರ್ಸ್ ಜಲಜಮ್ಮನನ್ನು ಕೇಳಿದ.

"ಈ ಕಾಯ್ಲೆಗೆ ಅಂತ್ಲೇ ಔಷಧಿ ಇಲ್ಲ ಸರ್. ಡ್ರಿಪ್ ಹಾಕಿ ಕಾಯ್ಬೇಕು."

ಕಶ್ಯಪ ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತ. ಕಡಿಮೆ ಎಂದು ತಾನು ಕೈಬಿಟ್ಟಿದ್ದ ಕಾಯಿಲೆ! ಆ ಎಣ್ಣೆಯೂ ತನ್ನ ಪಾಲಿಗೇ ಬಂದಿತ್ತು. ಅವಳ ಉಸಿರು ತುಸು ತಡೆದರೂ ಅವನು ಎದ್ದು ಬಾಗಿ ನೋಡುತ್ತಿದ್ದ. ಹೊರಗಿನ ಬೂತಿನಿಂದ ದೆಹಲಿಗೆ ಫೋನ್ ಮಾಡಿ, ಮಲೆನಾಡಿಗೊಂದು ಲ್ಯಾಬ್, ಈ ಜ್ವರಕ್ಕೆ ಔಷಧಿಯ ಸಂಶೋಧನೆ, ಎರಡೂ ಯೋಜನೆಗೆ ಸೇರಲೇಬೇಕೆಂದು ಜಗಳವಾಡಿದ.

ಕೊನೆಗೊಂದು ಬೆಳಗ್ಗೆ ಜ್ವರ ಇಳಿಯಿತು.

"ಇನ್ನೂ ಹೋಗ್ಲಿಲ್ವಾ ನೀವು?" ಬಾಡಿದ ಮುಖದಲ್ಲೂ ತುಂಟ ನೋಟ.

"ಹೋಗಲ್ಲ."

"ಖುಷಿ ಪಡಬೇಡಿ. ಕೆಲವರಿಗೆ ಇದು ಎರಡನೇ ಸಲ ಬರ್ತದೆ. ಆಗ ಮಿದುಳಿಗೇ ಏರ್ತದೆ." ಅವಳು ಹೊದಿಕೆಯನ್ನು ಎದೆಗೆಳೆದುಕೊಂಡಳು. "ನಂಗೆ ಹೆದರಿಕೆ ಆಗ್ತದೆ, ಕಶ್ಯಪ."

ಮೊದಲ ಸಲ ಅವಳು ಸರ್ ಎನ್ನಲಿಲ್ಲ.

"ನಂಗೂ," ಎಂದ ಅವನು. "ಜ್ವರ ಬಂದ್ರೂ ಇಲ್ಲೇ ಇರ್ತೀನಿ. ಬರದಿದ್ರೂ ಇಲ್ಲೇ ಇರ್ತೀನಿ. ನೀವು ಬೇಡ ಅನ್ನದಿದ್ರೆ."

ಭಾರ್ಗವಿ ಅವನ ಕೈಯನ್ನೆಳೆದು ತನ್ನ ಹಣೆಯ ಮೇಲಿಟ್ಟುಕೊಂಡಳು.

"ನೋಡಿ ಹೇಳಿ. ಬಿಸಿ ಉಂಟಾ?"

"ಇಲ್ಲ."

"ಕೈ ತೆಗೀಬೇಡಿ ಮತ್ತೆ."