ಉಷಾರಾಣಿ ಒತ್ತಿದ ಪಿನ್

"ಪಿನ್ ಒತ್ತಮ್ಮಾ, ದುಡ್ಡು ಬರುತ್ತೆ. ಬೇಗ! ನನಗೆ ಮೀಟಿಂಗ್ ಇದೆ."

ಫೋನಿನಲ್ಲಿದ್ದ ಸಾಹೇಬರಿಗೆ ಎಷ್ಟೊಂದು ಕೆಲಸ! ಪಾಪ, ಅಷ್ಟರ ನಡುವೆಯೂ ಅವರು ಜಗಳೂರಿನ ಮಮತಾ ಬಡಿಯುವ ಜೋಳದ ರೊಟ್ಟಿಯ ಸುದ್ದಿ ಕೇಳಿ, ಐನೂರು ರೊಟ್ಟಿಗೆ ಆರ್ಡರ್ ಕೊಟ್ಟಿದ್ದರು. ಅಡ್ವಾನ್ಸ್ ಕೊಡಲೆಂದು ವಾಟ್ಸಾಪಿನಲ್ಲಿ ಒಂದು ಕ್ಯೂಆರ್ ಕೋಡನ್ನೂ ಕಳಿಸಿದ್ದರು.

ಮಮತಾ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳ ಫೋನು ಮಗಳು ಉಷಾರಾಣಿಯ ಕೈಯಲ್ಲಿತ್ತು. ಐದನೇ ಕ್ಲಾಸಿನ ಉಷಾ ಆ ಮನೆಯ ಆನ್‌ಲೈನ್ ಎಕ್ಸ್‌ಪರ್ಟ್. ಅಮ್ಮನ ಪಿನ್ ಅವಳಿಗೆ ಬಾಯಿಪಾಠ. ಎಕ್ಸ್‌ಪರ್ಟ್‌ಗಳು ಯಾರನ್ನೂ ಕೇಳುವುದಿಲ್ಲವಲ್ಲ, ಅವಳೂ ಕೇಳಲಿಲ್ಲ. ಕೋಡ್ ಸ್ಕ್ಯಾನ್ ಮಾಡಿದಳು, ಪಿನ್ ಒತ್ತಿದಳು.

ಫೋನು ಟಿಂಗ್ ಎಂದಿತು. ನಾಲ್ಕು ಸಾವಿರ ರೂಪಾಯಿ! ಆದರೆ ಬಂದಿರಲಿಲ್ಲ, ಹೋಗಿತ್ತು.

"ಸಾರ್, ದುಡ್ಡು ಕಟ್ ಆಯ್ತು!"

"ಸರ್ವರ್ ಪ್ರಾಬ್ಲಮ್. ಇನ್ನೊಂದ್ಸಲ ಒತ್ತು, ಎರಡೂ ಸೇರಿ ವಾಪಸ್ ಬರುತ್ತೆ."

ಉಷಾ ಮತ್ತೆ ಒತ್ತಲಿಲ್ಲ. ಕಾಲ್ ಕಟ್ ಮಾಡಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದರೆ ಸ್ವಿಚ್ಡ್ ಆಫ್. ಸಾಹೇಬರ ಮೀಟಿಂಗ್ ಶುರುವಾಗಿರಬೇಕು.

ಬ್ಯಾಂಕಿನ ಮೆಸೇಜ್ ಡಿಲೀಟ್ ಮಾಡಿಬಿಡಲೇ ಎನ್ನಿಸಿತು. ಮೆಸೇಜ್ ಹೋಗುತ್ತದೆ, ದುಡ್ಡಂತೂ ಆಗಲೇ ಹೋಗಿದೆ. ಎಂಥಾ ಒಳ್ಳೆಯ ಐಡಿಯಾ!

"ಏನವ್ವಾ ಮ್ಯಾನೇಜರಮ್ಮ, ಮುಖ ಯಾಕೆ ಹಿಂಗೈತೆ?" ಬಾಗಿಲ ಬಳಿ ಕೂತಿದ್ದ ಅಜ್ಜಿ ಹೊನ್ನೂರಮ್ಮ ಕೇಳಿದಳು. ಫೋನಿನ ದುಡ್ಡೆಂದರೆ ಅಜ್ಜಿಗೆ ಮೊದಲಿನಿಂದಲೂ ತಮಾಷೆ. "ಅದರೊಳಗೆ ದುಡ್ಡೈತಂತೆ. ಅಲ್ಲಾಡಿಸಿದ್ರೆ ಸದ್ದೇ ಬರಲ್ಲ!"

ಅಷ್ಟರಲ್ಲಿ ಅಮ್ಮ ಒಳಗೆ ಬಂದಳು. "ಅಡ್ವಾನ್ಸ್ ಬಂತೇನೇ? ಐನೂರು ರೊಟ್ಟಿಗೆ ಹಿಟ್ಟು ಸಾಲಲ್ಲ. ಜೋಳ ಬೀಸಿಸ್ಕೊಂಡು ಬರ್ತೀನಿ." ಜೋಳದ ಚೀಲವನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. ಭಾರಕ್ಕೆ ಒಂದು ಕಡೆ ವಾಲಿದಳು.

"ಅಮ್ಮಾ, ಗಿರಣಿಗೆ ಹೋಗ್ಬೇಡ," ಎಂದಳು ಉಷಾ. "ಆರ್ಡರ್ ಸುಳ್ಳು. ನಾನು ಪಿನ್ ಒತ್ತಿದೆ, ದುಡ್ಡೂ ಹೋಯ್ತು. ಮುಂದಿನ ತಿಂಗಳ ಜೋಳ ತರಾಕೆ ಇಟ್ಟಿದ್ಯಲ್ಲ, ಅದೇ."

ಅಮ್ಮ ಚೀಲ ಇಳಿಸಿದಳು. ಫೋನು ಇಸಿದುಕೊಂಡು ಮೆಸೇಜ್ ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು.

ಈಗ ಅಜ್ಜಿಯ ಸರದಿ. ಉಷಾ ತಲೆ ತಗ್ಗಿಸಿ ಕಾದಳು. ಅಜ್ಜಿ ಮಾತ್ರ ಸೆರಗಿನ ತುದಿ ತಿರುಗಿಸುತ್ತಾ ಕೂತಳು.

"ಹೋದ ವರ್ಷ ದಾವಣಗೆರೆ ಬಸ್ಸಿನಾಗೆ ನನ್ನ ಚೀಲಕ್ಕೂ ಬ್ಲೇಡ್ ಹಾಕಿದ್ರು. ಎರಡು ಸಾವಿರ ಹೋಯ್ತು," ಎಂದಳು ಮೆಲ್ಲಗೆ.

ಅಮ್ಮ ತಿರುಗಿ ನೋಡಿದಳು. "ಚೀಲ ಇಲಿ ಕಡೀತು ಅಂದಿದ್ರಿ?"

"ಅಂದಿದ್ದೆ. ನೀವೆಲ್ಲ ನಗ್ತೀರಿ ಅಂತ. ಈ ಹುಡುಗಿ ಹಂಗೆ ಬಾಯಿ ಬಿಡಾಕೆ ನನಗೆ ಆಗ್ಲಿಲ್ಲ ನೋಡು."

ಉಷಾಗೆ ಥಟ್ಟನೆ ನೆನಪಾಯಿತು. "ಸ್ಕೂಲಿಗೆ ಬಂದಿದ್ದ ಪೊಲೀಸ್ ಮೇಡಂ, ಹಿಂಗೆ ಮೋಸ ಆದ್ರೆ ಅಂತ ಒಂದು ನಂಬರ್ ಹೇಳಿದ್ರು. 1930! ಬೇಗ ಫೋನ್ ಮಾಡ್ಬೇಕಂತೆ." ಆ ಮೇಡಂ 'ದುಡ್ಡು ಬರಬೇಕಾದರೆ ಪಿನ್ ಬೇಕಿಲ್ಲ' ಎಂದೂ ಮೂರು ಸಲ ಹೇಳಿದ್ದರು. ಆಗ ಎಕ್ಸ್‌ಪರ್ಟ್ ಉಷಾ ಕಿಟಕಿಯಾಚೆ ನೋಡುತ್ತಿದ್ದಳು.

ಅಮ್ಮ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಳು. ಆಮೇಲೆ ಅಮ್ಮ, ಮಗಳು ಇಬ್ಬರೂ ಬ್ಯಾಂಕಿಗೆ ಓಡಿದರು. ಕೌಂಟರಿನ ಹಿಂದೆ 'ಪಿನ್ ಯಾರಿಗೂ ಹೇಳಬೇಡಿ' ಎಂಬ ಬೋರ್ಡು ಇತ್ತು. ಅದನ್ನು ಯಾರೂ ಓದದಂತೆ ಬೀರುವೊಂದು ಅರ್ಧ ಮುಚ್ಚಿ ಕಾಪಾಡುತ್ತಿತ್ತು.

ಕ್ಲರ್ಕ್ ತಿಪ್ಪೇಶಪ್ಪ ಕಂಪ್ಯೂಟರ್ ನೋಡಿದರು. "ಬೇಗ ಹೇಳಿದ್ದು ಒಳ್ಳೇದಾಯ್ತು. ಎರಡೂವರೆ ಸಾವಿರ ಅವನ ಕೈಗೆ ಸಿಗದಂಗೆ ತಡೆದವ್ರೆ. ಅದು ನಿಮಗೆ ಬರಾಕೆ ಟೈಮ್ ಹಿಡಿಯುತ್ತೆ. ಉಳಿದದ್ದು ಗ್ಯಾರಂಟಿ ಇಲ್ಲ." ಕನ್ನಡಕದ ಮೇಲಿಂದ ನೋಡಿದರು. "ಪಿನ್ ಒತ್ತಿದ ಜಾಣರು ಯಾರು?"

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

"ನಾನೇ ರೀ," ಎಂದಳು ಅಮ್ಮ.

ಯಾರೋ ಕಿಸಕ್ಕನೆ ನಕ್ಕರು. "ಓದಿದ್ದೀರಾ ಇಲ್ವಾ?" ಎಂದರು ತಿಪ್ಪೇಶಪ್ಪ. ಅಮ್ಮ ಸೆರಗು ಎಳೆದುಕೊಂಡಳು. ಅವಳ ಕಿವಿ ಕೆಂಪಾಗುತ್ತಿತ್ತು.

ಉಷಾ ಕೌಂಟರಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತಳು.

"ಅಮ್ಮ ಅಲ್ಲ ಸಾರ್, ಒತ್ತಿದ್ದು ನಾನು."

ನಗು ನಿಂತಿತು. ತಿಪ್ಪೇಶಪ್ಪ ಒಂದು ಫಾರಂ ಮುಂದೆ ತಳ್ಳಿದರು. 'ನಡೆದದ್ದನ್ನು ವಿವರಿಸಿ' ಎಂಬಲ್ಲಿ ನಾಲ್ಕು ಖಾಲಿ ಗೆರೆಗಳಿದ್ದವು.

ಅಮ್ಮ ಪೆನ್ನು ತೆಗೆದು ಮಗಳ ಕೈಗಿಟ್ಟಳು. ನಾಲ್ಕು ಗೆರೆ ಸಾಲಲಿಲ್ಲ. ಉಷಾ ಹಾಳೆ ತಿರುಗಿಸಿ ಹಿಂದೆಯೂ ಬರೆದಳು.